ಲಕ್ಷ್ಮಮ್ಮನ ಹೆಸರು ಪಿಡಿಎಫ್‌ನಲ್ಲಿ ಯಾಕೆ ಒಡೆಯುತ್ತದೆ?

ಪ್ರಶ್ನೆ: ಸರ್, ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ತಯಾರಿಸಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಪಿಡಿಎಫ್ ಮಾಡಲು ರಿಪೋರ್ಟ್‌ಲ್ಯಾಬ್ ಎಂಬ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಬಳಸುತ್ತಿದ್ದೇನೆ. ಸುಮಾರು 140 ಸದಸ್ಯರಿದ್ದಾರೆ. ಮೊದಲು ಕನ್ನಡದ ಜಾಗದಲ್ಲಿ ಬರೀ ಕಪ್ಪು ಚೌಕ ಬರುತ್ತಿತ್ತು. ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದ ಮೇಲೆ ಅಕ್ಷರ ಬಂತು, ಆದರೆ ಒತ್ತಕ್ಷರಗಳು ಕೆಳಗೆ ಕೂರುತ್ತಿಲ್ಲ. ‘ಲಕ್ಷ್ಮಮ್ಮ’ ಅನ್ನುವುದು ‘ಲಕ್‌ಷ್‌ಮಮ್‌ಮ’ ಆಗಿದೆ. ಉದ್ದದ ಹೆಸರುಗಳು ಪಕ್ಕದ ಲೀಟರ್ ಕಾಲಂ ಮೇಲೆ ಹರಿಯುತ್ತವೆ. ಎರಡನೇ ಪುಟದಲ್ಲಿ ಕಾಲಂ ತಲೆಬರಹ ಇರುವುದಿಲ್ಲ. ರೂಪಾಯಿ ಚಿಹ್ನೆ ಈಗಲೂ ಚೌಕವೇ. ಅದೇ ಫಾಂಟ್ ಹಾಕಿ ಕ್ರೋಮ್‌ನಲ್ಲಿ ಪ್ರಿಂಟ್ ಕೊಟ್ಟರೆ ಎಲ್ಲ ಸರಿಯಾಗಿ ಬರುತ್ತದೆ. ಪಿಡಿಎಫ್‌ಗೆ ಕನ್ನಡ ಬರುವುದೇ ಇಲ್ಲ ಎಂದು ಒಬ್ಬರು ಹೇಳಿದರು. ನುಡಿ ಫಾಂಟ್‌ಗೆ ಬದಲಾಯಿಸು ಎಂದು ಇನ್ನೊಬ್ಬರು. ಪೇಜನ್ನೇ ಚಿತ್ರ ಮಾಡಿ ಅಂಟಿಸು ಎಂದು ಮತ್ತೊಬ್ಬರು. ಸಂಘದ ಅಧ್ಯಕ್ಷರಿಗೆ ಅಂಕಿಗಳೂ ಕನ್ನಡದಲ್ಲೇ ಬೇಕಂತೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ತೊಂದರೆಗಳು ಒಟ್ಟಿಗೆ ಕಾಣುತ್ತವೆ. ಬೇರೆ ಬೇರೆ ಮಾಡಿ ನೋಡಿದರೆ ಎರಡೇ ಇವೆ. ಒಂದು ಅಕ್ಷರ ಜೋಡಣೆಯದು, ಇನ್ನೊಂದು ಕೋಷ್ಟಕದ ಅಳತೆಯದು. ಇವೆರಡನ್ನು ಸರಿಪಡಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಅಕ್ಷರ, ಆಮೇಲೆ ಕೋಷ್ಟಕ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಕಾಲಂ ಅಗಲ ತಿದ್ದುತ್ತಾ ಎರಡು ದಿನ ಕಳೆಯುತ್ತಾರೆ. ಆಮೇಲೆ ಒತ್ತಕ್ಷರ ಸರಿಮಾಡುತ್ತಾರೆ. ಆಗ ಪ್ರತಿ ಹೆಸರಿನ ಅಗಲವೂ ಬದಲಾಗಿ ಮತ್ತೆ ಮೊದಲಿನಿಂದ ಶುರು. ಜೋಡಣೆಯಾದ ಹೆಸರಿನ ಅಗಲವೇ ಬೇರೆ, ಬಿಡಿ ಅಕ್ಷರಗಳನ್ನು ಕೂಡಿಸಿದ ಅಗಲವೇ ಬೇರೆ. ಎತ್ತರವೂ ಹಾಗೆಯೇ.

ನಿಮ್ಮ ಪತ್ರದಲ್ಲೇ ಉತ್ತರಕ್ಕೆ ದಾರಿ ಇದೆ. ಅದೇ ಫಾಂಟ್ ಕ್ರೋಮ್‌ನಲ್ಲಿ ಸರಿಯಾಗಿ ಬರುತ್ತದೆ ಎಂದಿರಿ. ಅಂದಮೇಲೆ ತಪ್ಪು ಫಾಂಟಿನದಲ್ಲ. ಕ್ರೋಮ್ ಕೊಟ್ಟ ಕಡತವೂ ಪಿಡಿಎಫೇ ಅಲ್ವಾ? ಹಾಗಾಗಿ ಪಿಡಿಎಫ್‌ನದೂ ಅಲ್ಲ. ನಡುವೆ ಒಂದು ಕೆಲಸ ನಡೆಯಬೇಕಿತ್ತು. ಕ್ರೋಮ್ ಅದನ್ನು ಮಾಡಿತು, ನಿಮ್ಮ ಪ್ರೋಗ್ರಾಂ ಮಾಡಲಿಲ್ಲ.

ಮೊಳೆ ಜೋಡಿಸುವವರು ಎಲ್ಲಿ?

ಹಳೆಯ ಅಚ್ಚುಕೂಟವನ್ನು ನೆನೆಸಿಕೊಳ್ಳಿ. ಬರಹಗಾರ ‘ಲಕ್ಷ್ಮಮ್ಮ’ ಎಂದು ಬರೆದು ಕೊಡುತ್ತಾನೆ. ಮೊಳೆ ಜೋಡಿಸುವವರು ಆ ಹೆಸರನ್ನು ನೋಡಿ, ಯಾವ ಮೊಳೆ ಬೇಕು, ಒತ್ತು ಯಾವುದರ ಕೆಳಗೆ ಬರಬೇಕು ಎಂದು ಕೈಯಲ್ಲಿ ಜೋಡಿಸುತ್ತಾರೆ. ಆಮೇಲೆ ಯಂತ್ರ ಒತ್ತುತ್ತದೆ. ಯಂತ್ರಕ್ಕೆ ಕನ್ನಡ ಗೊತ್ತಿರಬೇಕಾಗಿಲ್ಲ.

ಪಿಡಿಎಫ್ ಆ ಒತ್ತಿದ ಹಾಳೆ ಇದ್ದ ಹಾಗೆ. ‘ಈ ಫಾಂಟಿನ ಇಷ್ಟನೇ ನಂಬರಿನ ಆಕಾರವನ್ನು ಎಡದಿಂದ ಇಷ್ಟು, ಕೆಳಗಿನಿಂದ ಇಷ್ಟು ದೂರದಲ್ಲಿ ಇಡು’ ಎಂಬ ಸೂಚನೆಗಳೇ ಅದರಲ್ಲಿ ಇರುವುದು. 1993ರಲ್ಲಿ ಅದು ಬಂದಾಗಿನಿಂದ ಈ ಮೂಲ ಬದಲಾಗಿಲ್ಲ. ಹಾಗಾಗಿ ‘ಪಿಡಿಎಫ್‌ಗೆ ಕನ್ನಡ ಬರುವುದಿಲ್ಲ’ ಎಂಬ ಮಾತಿಗೆ ಅರ್ಥವಿಲ್ಲ. ಅದಕ್ಕೆ ಯಾವ ಭಾಷೆಯೂ ಗೊತ್ತಿಲ್ಲ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಆಕಾರ, ಒಂದರ ಪಕ್ಕ ಒಂದು. ಅದಕ್ಕೇ ಜೋಡಿಸುವವರು ಇಲ್ಲದಿದ್ದರೂ ನಡೆಯುತ್ತದೆ.

ಕನ್ನಡದಲ್ಲಿ ಹಾಗೆ ನಡೆಯುವುದಿಲ್ಲ. ‘ರಾಷ್ಟ್ರೀಯ’ ಎಂಬ ಪದ ತಗೊಳ್ಳಿ. ನಾವು ಓದುವಾಗ ಮೂರು ಅಕ್ಷರ: ರಾ, ಷ್ಟ್ರೀ, ಯ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ಒಂಬತ್ತು ಸಂಕೇತಗಳ ಸಾಲು. ಪೈಥಾನ್‌ನಲ್ಲಿ ಉದ್ದ ಕೇಳಿ ನೋಡಿ, 9 ಎನ್ನುತ್ತದೆ. ಆ ಒಂಬತ್ತನ್ನು ಮೂರು ಗುಂಪು ಮಾಡಿ, ಟ ಮತ್ತು ರ ಎರಡನ್ನೂ ಒತ್ತಾಗಿ ಬದಲಿಸಿ, ದೀರ್ಘವನ್ನು ಸರಿಯಾದ ಜಾಗಕ್ಕೆ ಒಯ್ಯಬೇಕು. ‘ಕರ್ನಾಟಕ’ದಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ನಾವು ಟೈಪ್ ಮಾಡುವುದು ರ್ ಮೊದಲು, ನಾ ಆಮೇಲೆ. ಕಾಣುವಾಗ ಅರ್ಕಾವತ್ತು ನಾ ಆದಮೇಲೆ ಬರುತ್ತದೆ. ಅಂದರೆ ಕ್ರಮವೇ ಬದಲಾಗಬೇಕು. ಗುಡಿಸು ಬಂದರೆ ಕ, ತ, ವ ಇವುಗಳ ತಲೆಕಟ್ಟಿನ ರೂಪವೇ ಬದಲಾಗುತ್ತದೆ.

ಈ ನಿಯಮಗಳೆಲ್ಲ ಫಾಂಟಿನ ಒಳಗೆ, ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ಕೋಷ್ಟಕಗಳಾಗಿ ಇರುತ್ತವೆ. ಆದರೆ ಯಾರಾದರೂ ಅವನ್ನು ಓದಿ ಜಾರಿ ಮಾಡಬೇಕು. ಆ ಕೆಲಸಕ್ಕೆ ‘ಶೇಪಿಂಗ್’ ಎನ್ನುತ್ತಾರೆ. ಅದನ್ನು ಮಾಡುವ ಅತಿ ಹೆಸರಾದ ತಂತ್ರಾಂಶ ಹಾರ್ಫ್‌ಬಝ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಇದೇ ಇದೆ. ಹೆಸರು ‘ಓಪನ್‌ಟೈಪ್’ ಎಂಬುದರ ಪರ್ಷಿಯನ್ ಅನುವಾದ. ಇದನ್ನು ಬರೆದವರಿಗೆ ನಮ್ಮಂತೆಯೇ ಜೋಡಣೆ ಬೇಕಾದ ಲಿಪಿಯ ಕಷ್ಟ ಗೊತ್ತಿತ್ತು.

ರಿಪೋರ್ಟ್‌ಲ್ಯಾಬ್ ಬಹಳ ವರ್ಷ ಈ ಕೆಲಸ ಮಾಡುತ್ತಿರಲಿಲ್ಲ. ನೀವು ಕೊಟ್ಟ ಸಂಕೇತಗಳನ್ನು ಬಂದ ಕ್ರಮದಲ್ಲೇ ಒಂದೊಂದಾಗಿ ಇಡುತ್ತಿತ್ತು. ನಿಮ್ಮ ‘ಲಕ್‌ಷ್‌ಮಮ್‌ಮ’ ಬಂದದ್ದು ಹಾಗೆ. ಜಾವಾಸ್ಕ್ರಿಪ್ಟ್‌ನ ಜೆಎಸ್‌ಪಿಡಿಎಫ್, ಪಿಎಚ್‌ಪಿಯ ಡೊಂಪಿಡಿಎಫ್, ಟಿಸಿಪಿಡಿಎಫ್ ಬಳಸುವವರೂ ಇದೇ ದೂರು ಹೇಳುತ್ತಾರೆ. ಕಾರಣ ಒಂದೇ.

ನಿಮಗೆ ಸಿಕ್ಕ ಸಲಹೆಗಳ ಬಗ್ಗೆ

ನುಡಿ ಫಾಂಟಿನ ಸಲಹೆ ಕೊಟ್ಟವರು ಸುಮ್ನೆ ಹೇಳಿಲ್ಲ. ಅದು ನಿಜವಾಗಿಯೂ ಕೆಲಸ ಮಾಡಿದ ಹಾಗೆ ಕಾಣುತ್ತದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಒತ್ತುಗಳೂ ಬೇರೆ ಬೇರೆ ತುಂಡುಗಳೇ. ಟೈಪ್ ಮಾಡುವಾಗಲೇ ಜೋಡಣೆ ಮುಗಿದಿರುತ್ತದೆ. ಹಾಗಾಗಿ ಯಾವ ಲೈಬ್ರರಿಯಲ್ಲೂ ಚೆನ್ನಾಗಿ ಕಾಣುತ್ತದೆ. ಯೂನಿಕೋಡ್ ಹರಡುವ ಮೊದಲು ಕನ್ನಡವನ್ನು ಕಂಪ್ಯೂಟರಿನಲ್ಲಿ ಉಳಿಸಿದ್ದು ಈ ಫಾಂಟ್‌ಗಳೇ. ಆ ಋಣ ನಮ್ಮ ಮೇಲಿದೆ.

ಆದರೆ ಇವತ್ತು ಹೊಸದಾಗಿ ಬರೆಯುವ ಪ್ರೋಗ್ರಾಂಗೆ ಅದು ಬೇಡ. ಆ ಪಿಡಿಎಫ್‌ನ ಒಳಗೆ ಇರುವುದು ಕನ್ನಡ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ‘ಲಕ್ಷ್ಮಮ್ಮ’ ಎಂದು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಓದಲಾರದು. ಮೇಲಾಗಿ ನಿಮ್ಮ ಸದಸ್ಯರ ಪಟ್ಟಿ ಈಗಾಗಲೇ ಯೂನಿಕೋಡ್‌ನಲ್ಲಿದೆ. ಅದನ್ನು ಹಳೆಯದಕ್ಕೆ ತಿರುಗಿಸುವಾಗ ಎಲ್ಲಾದರೂ ಒಂದು ಹೆಸರು ಕೆಟ್ಟೇ ಕೆಡುತ್ತದೆ. ಸಂಘದ ಹಳೆಯ ಪಟ್ಟಿಯೇನಾದರೂ ನುಡಿಯಲ್ಲಿ ಇದ್ದರೆ ಅದನ್ನು ಒಮ್ಮೆ ಯೂನಿಕೋಡ್‌ಗೆ ತನ್ನಿ. 140 ಹೆಸರು ತಾನೇ, ಕೂತು ಒಂದೊಂದನ್ನೂ ಕಣ್ಣಾರೆ ನೋಡಿ ತಿದ್ದಿಬಿಡಿ.

ಚಿತ್ರ ಮಾಡಿ ಅಂಟಿಸುವುದು ಕೊನೆಯ ದಾರಿ. ಕಾಣುವುದಂತೂ ಸರಿಯಾಗಿ ಕಾಣುತ್ತದೆ. ಆದರೆ ಕಡತ ದೊಡ್ಡದಾಗುತ್ತದೆ, ಪ್ರಿಂಟ್‌ನಲ್ಲಿ ಅಂಚು ಮಸುಕಾಗುತ್ತದೆ, ಹುಡುಕಲು ಬರುವುದಿಲ್ಲ. ಒಂದು ಪ್ರಮಾಣಪತ್ರದ ಮೇಲಿನ ದೊಡ್ಡ ಹೆಸರಿಗಾದರೆ ಒಪ್ಪಬಹುದು. ಹದಿನೈದು ದಿನಕ್ಕೊಮ್ಮೆ ಬರುವ ಲೆಕ್ಕದ ಪಟ್ಟಿಗೆ ಅಲ್ಲ.

ಇನ್ನೊಂದು ನಂಬಿಕೆ ನೀವು ಬರೆದಿಲ್ಲ, ಆದರೆ ಆಗಾಗ ಕೇಳಿಬರುತ್ತದೆ. ‘ರೈತರ ಫೋನಿನಲ್ಲಿ ಕನ್ನಡ ಫಾಂಟ್ ಇಲ್ಲ, ಅದಕ್ಕೇ ಚೌಕ ಬರುತ್ತದೆ.’ ಫಾಂಟ್ ಕಡತದ ಒಳಗೇ ಅಡಕವಾಗಿದ್ದರೆ ಫೋನಿನಲ್ಲಿ ಏನೂ ಇರಬೇಕಾಗಿಲ್ಲ. ಚೌಕ ಬಂದರೆ ಅದು ತಯಾರಿಸಿದ ಕಡೆಯ ತಪ್ಪು.

ಈಗ ನಿಮ್ಮ ಮುಂದಿರುವ ದಾರಿಗಳು

ರಿಪೋರ್ಟ್‌ಲ್ಯಾಬನ್ನೇ ಉಳಿಸಿಕೊಳ್ಳಬಹುದು. ಇತ್ತೀಚಿನ ಆವೃತ್ತಿಗಳಲ್ಲಿ ಹಾರ್ಫ್‌ಬಝ್ ಜೊತೆ ಸೇರಿ ಜೋಡಣೆ ಮಾಡುವ ಸೌಲಭ್ಯ ಬಂದಿದೆ. ಅದು ತಾನಾಗಿ ಶುರುವಾಗುವುದಿಲ್ಲ. ಯುಹಾರ್ಫ್‌ಬಝ್ ಎಂಬ ಪೈಥಾನ್ ಕಟ್ಟನ್ನು ಹಾಕಿಕೊಂಡು, ಫಾಂಟ್ ನೋಂದಾಯಿಸುವಾಗಲೂ ಪ್ಯಾರಾಗ್ರಾಫ್ ಶೈಲಿಯಲ್ಲೂ ಅದನ್ನು ಆನ್ ಮಾಡಬೇಕು. ನಿಮ್ಮ ಕೋಡ್ ದೊಡ್ಡದಿದ್ದರೆ ಮೊದಲು ಇದನ್ನು ಪ್ರಯತ್ನಿಸಿ. ಅಪಾಯ ಏನೆಂದರೆ ಈ ಭಾಗ ಇನ್ನೂ ಹೊಸದು. ದಪ್ಪ ಅಕ್ಷರ, ಬಣ್ಣ, ಲಿಂಕ್ ಎಲ್ಲ ಒಂದೇ ಕೋಣೆಯಲ್ಲಿ ಬೆರೆತರೆ ಎಚ್ಚರಿಕೆಯಿಂದ ನೋಡಿಕೊಳ್ಳಬೇಕು.

ಎಫ್‌ಪಿಡಿಎಫ್2 ಎಂಬ ಇನ್ನೊಂದು ಪೈಥಾನ್ ಲೈಬ್ರರಿ ಇದೆ. 2023ರಿಂದ ಅದರಲ್ಲಿ ಶೇಪಿಂಗ್ ಇದೆ. ಒಂದೇ ಸಾಲಿನಲ್ಲಿ ಆನ್ ಆಗುತ್ತದೆ. ಅದಕ್ಕೂ ಯುಹಾರ್ಫ್‌ಬಝ್ ಬೇಕು. ಕೋಷ್ಟಕ ಮಾಡುವ ಸೌಲಭ್ಯ ಒಳಗೇ ಇದೆ. ಕೋಣೆಯಲ್ಲಿ ಬರಹ ತಾನಾಗಿ ಮಡಚಿಕೊಳ್ಳುತ್ತದೆ, ತಲೆಸಾಲು ಪ್ರತಿ ಪುಟದಲ್ಲೂ ತಾನಾಗಿ ಬರುತ್ತದೆ. ಮೊದಲ ಸಲ ಬಳಸುವವರು ಒಂದು ಕಡೆ ಎಡವುತ್ತಾರೆ. ಅದು ತಲೆಸಾಲನ್ನು ದಪ್ಪ ಅಕ್ಷರದಲ್ಲಿ ಬರೆಯಲು ಹೋಗುತ್ತದೆ. ನೀವು ಫಾಂಟಿನ ಸಾಮಾನ್ಯ ರೂಪ ಮಾತ್ರ ಕೊಟ್ಟಿದ್ದರೆ ‘ಈ ಫಾಂಟ್ ಇಲ್ಲ’ ಎಂದು ನಿಲ್ಲುತ್ತದೆ. ದಪ್ಪ ರೂಪದ ಕಡತವನ್ನೂ ಸೇರಿಸಿದರೆ ಮುಗಿಯಿತು.

ಮೂರನೆಯ ದಾರಿ ಪಟ್ಟಿಯನ್ನು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬರೆದು ಅದನ್ನು ಪಿಡಿಎಫ್ ಮಾಡುವುದು. ವೀಜಿಪ್ರಿಂಟ್ ಇದಕ್ಕೆ ಒಳ್ಳೆಯ ಸಾಧನ. ಅದು ಪ್ಯಾಂಗೊ ಎಂಬ ತಂತ್ರಾಂಶದ ಮೂಲಕ ಹಾರ್ಫ್‌ಬಝನ್ನೇ ಬಳಸುತ್ತದೆ. ನನಗೆ ವೈಯಕ್ತಿಕವಾಗಿ ಇದು ಇಷ್ಟ. ಕೋಷ್ಟಕದ ರೂಪವನ್ನು ವೆಬ್ ಪುಟದ ಅಲಂಕಾರ ಹೇಳುವ ಸಿಎಸ್‌ಎಸ್‌ನಲ್ಲಿ ಹೇಳುವುದು ಸುಲಭ, ಬ್ರೌಸರಿನಲ್ಲಿ ಮೊದಲೇ ನೋಡಿಕೊಳ್ಳಬಹುದು. ಆದರೆ ವಿಂಡೋಸ್‌ನಲ್ಲಿ ಪ್ಯಾಂಗೊವನ್ನು ಬೇರೆಯಾಗಿ ಹಾಕಬೇಕು. ಅದು ತಲೆನೋವಿನ ಕೆಲಸ. ಸಂಘದ ಕಂಪ್ಯೂಟರ್ ಕೆಟ್ಟು ಹೊಸದು ಬಂದ ದಿನ ಮತ್ತೆ ನಿಮ್ಮನ್ನೇ ಕರೆಯುತ್ತಾರೆ.

ಕ್ರೋಮನ್ನೇ ಪರದೆಯಿಲ್ಲದೆ ಓಡಿಸಿ ಪಿಡಿಎಫ್ ಪಡೆಯುವುದು ನಾಲ್ಕನೆಯದು. ಅಕ್ಷರ ಅತ್ಯಂತ ನಂಬಿಕೆಯಾಗಿ ಬರುತ್ತದೆ. ಬದಲಿಗೆ ಮೆಮೊರಿ ಜಾಸ್ತಿ ತಿನ್ನುತ್ತದೆ. ಬ್ರೌಸರನ್ನು ಕೋಡಿನಿಂದ ನಡೆಸುವ ಪ್ಲೇರೈಟ್ ಮೂಲಕ ಮಾಡುವವರಿಗೆ ತಲೆಸಾಲಿನ ಹಿನ್ನೆಲೆ ಬಣ್ಣ ಮಾಯವಾಗುವುದು ಸಾಮಾನ್ಯ. ಹಿನ್ನೆಲೆ ಮುದ್ರಿಸು ಎಂಬ ಆಯ್ಕೆ ಅಲ್ಲಿ ಮೊದಲಿಗೆ ಆಫ್ ಇರುತ್ತದೆ, ಆನ್ ಮಾಡಬೇಕು. ಹಳೆಯ ಪಾಠಗಳಲ್ಲಿ ಡಬ್ಲ್ಯುಕೆ-ಎಚ್‌ಟಿಎಂಎಲ್-ಟು-ಪಿಡಿಎಫ್ ಹೆಸರು ಕಾಣಬಹುದು. ಅದರ ಕೆಲಸ ನಿಂತಿದೆ, 2023ರಲ್ಲಿ ಯೋಜನೆಯನ್ನು ಮುಚ್ಚಿಟ್ಟರು. ಹೊಸದಾಗಿ ಶುರುಮಾಡುವವರು ಅದರ ಹತ್ತಿರ ಹೋಗಬೇಡಿ.

ಪಿಎಚ್‌ಪಿ ಬಳಸುವ ಓದುಗರಿಗೆ ಎಂಪಿಡಿಎಫ್ ಇದೆ. ಅದರಲ್ಲಿ ಓಪನ್‌ಟೈಪ್ ಜೋಡಣೆ ಆನ್ ಮಾಡಿದರೆ ಕನ್ನಡ ಸರಿಯಾಗಿ ಬರುತ್ತದೆ. ಜಾವಾದಲ್ಲಿ ಐಟೆಕ್ಸ್ಟ್‌ಗೆ ಈ ಕೆಲಸದ ಒಂದು ಹೆಚ್ಚುವರಿ ಭಾಗ ಇದೆ, ಅದಕ್ಕೆ ಹಣ ಕೊಡಬೇಕು.

ನಿಮಗೆ ನನ್ನ ಸಲಹೆ: ಪ್ರೋಗ್ರಾಂ ಓಡುವುದು ಸಂಘದ ವಿಂಡೋಸ್ ಕಂಪ್ಯೂಟರಿನಲ್ಲೇ ಆದರೆ ಎಫ್‌ಪಿಡಿಎಫ್2. ಎಲ್ಲೋ ಒಂದು ಲಿನಕ್ಸ್ ಸರ್ವರಿನಲ್ಲಿ ಆದರೆ ವೀಜಿಪ್ರಿಂಟ್. ಸರ್ವರಿನಲ್ಲಿ ಒಂದು ಎಚ್ಚರ. ಹೊಸ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟೇ ಇರುವುದಿಲ್ಲ. ‘ನನ್ನ ಲ್ಯಾಪ್‌ಟಾಪಿನಲ್ಲಿ ಬರುತ್ತದೆ, ಸರ್ವರಿನಲ್ಲಿ ಚೌಕ’ ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಫಾಂಟ್ ಕಡತವನ್ನು ಪ್ರೋಗ್ರಾಂ ಜೊತೆಗೇ ಇಟ್ಟು, ಅದರ ದಾರಿಯನ್ನು ನೇರ ಹೇಳಿಬಿಡಿ.

ಫಾಂಟ್ ಆರಿಸುವಾಗ

ನೋಟೊ ಸಾನ್ಸ್ ಕನ್ನಡ ಮುಕ್ತ ಪರವಾನಗಿಯದು, ಧೈರ್ಯವಾಗಿ ಬಳಸಿ. ವಿಂಡೋಸ್‌ನ ತುಂಗಾ ಫಾಂಟನ್ನು ಸರ್ವರಿಗೆ ನಕಲು ಮಾಡುವ ಮುಂಚೆ ಪರವಾನಗಿ ಓದಿ. ನೋಟೊ ಇಳಿಸಿಕೊಂಡಾಗ ಒಂದೇ ಕಡತದಲ್ಲಿ ತೆಳು, ಸಾಮಾನ್ಯ, ದಪ್ಪ ಎಲ್ಲ ಸೇರಿದ ‘ವೇರಿಯಬಲ್’ ರೂಪವೂ, ಬೇರೆ ಬೇರೆಯಾದ ‘ಸ್ಟ್ಯಾಟಿಕ್’ ರೂಪಗಳೂ ಸಿಗುತ್ತವೆ. ಕೋಡಿಗೆ ಸ್ಟ್ಯಾಟಿಕ್ ಕಡತಗಳನ್ನೇ ಕೊಡಿ. ಫಾಂಟ್ ಕಡತದ ಬಗೆ ಟಿಟಿಎಫ್ ಇರಲಿ. ಕೆಲವು ಒಟಿಎಫ್ ಫಾಂಟ್‌ಗಳನ್ನು ರಿಪೋರ್ಟ್‌ಲ್ಯಾಬ್ ಒಪ್ಪುವುದಿಲ್ಲ.

ರೂಪಾಯಿ ಚಿಹ್ನೆಯ ಕಥೆ ಬೇರೆ. ಈ ಚಿಹ್ನೆಯನ್ನು ಭಾರತ ಸರ್ಕಾರ ಒಪ್ಪಿದ್ದು 2010ರ ಜುಲೈನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡ್ 6.0ಕ್ಕೆ ಸೇರಿತು. ಪಿಡಿಎಫ್ ಜೊತೆಗೆ ಬರುವ ಹೆಲ್ವೆಟಿಕಾ, ಟೈಮ್ಸ್ ಮುಂತಾದ 14 ಮೂಲ ಫಾಂಟ್‌ಗಳು ಅದಕ್ಕಿಂತ ಎಷ್ಟೋ ಹಳೆಯವು. ಅವುಗಳಲ್ಲಿ ₹ ಇಲ್ಲ, ಕನ್ನಡವೂ ಇಲ್ಲ. ನಿಮ್ಮ ಹೆಸರಿನ ಕಾಲಂಗೆ ನೋಟೊ ಹಾಕಿದ್ದೀರಿ. ಮೊತ್ತದ ಕಾಲಂ ‘ಅಂಕಿ ತಾನೇ’ ಎಂದು ಹೆಲ್ವೆಟಿಕಾದಲ್ಲೇ ಉಳಿದಿರಬೇಕು. ಅದನ್ನೊಮ್ಮೆ ನೋಡಿ. ಇಡೀ ಕೋಷ್ಟಕಕ್ಕೆ ಒಂದೇ ಫಾಂಟ್ ಕೊಡಿ.

ಇದರ ಉಲ್ಟಾ ತೊಂದರೆಯೂ ಇದೆ. ನೋಟೊ ಕನ್ನಡದ ಕೆಲವು ಹಳೆಯ ಆವೃತ್ತಿಗಳಲ್ಲಿ ಇಂಗ್ಲಿಷ್ ಅಕ್ಷರಗಳು ಇಲ್ಲ. ಆಗ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಚೌಕವಾಗುತ್ತದೆ. ಹೊಸ ಆವೃತ್ತಿ ಹಾಕಿ, ಇಲ್ಲವೇ ಬದಲಿ ಫಾಂಟ್ ಯಾವುದೆಂದು ಲೈಬ್ರರಿಗೆ ಹೇಳಿ. ಎಫ್‌ಪಿಡಿಎಫ್2ರಲ್ಲಿ ಹಾಗೆ ಹೇಳುವ ಅವಕಾಶ ಇದೆ.

ಅಕ್ಷರ ಸರಿಯಾಯಿತು, ಈಗ ಕೋಷ್ಟಕ

ಪಿಡಿಎಫ್‌ಗೆ ಕನ್ನಡ ಗೊತ್ತಿಲ್ಲದ ಹಾಗೆ ಕೋಷ್ಟಕವೂ ಗೊತ್ತಿಲ್ಲ. ನಮಗೆ ಕೋಣೆ ಕಾಣುವ ಕಡೆ ಅಲ್ಲಿರುವುದು ನಾಲ್ಕು ಗೆರೆ ಮತ್ತು ಹತ್ತಿರದಲ್ಲಿ ಇಟ್ಟ ಅಕ್ಷರ. ಗೆರೆ ದಾಟಿದರೆ ತಡೆಯುವವರು ಯಾರೂ ಇಲ್ಲ. ರಿಪೋರ್ಟ್‌ಲ್ಯಾಬ್‌ನ ಕೋಷ್ಟಕಕ್ಕೆ ಬರೀ ಬರಹ ಕೊಟ್ಟರೆ ಅದು ಒಂದೇ ಸಾಲಿನಲ್ಲಿ ಬರೆದುಕೊಂಡು ಹೋಗುತ್ತದೆ. ನಿಮ್ಮ ಹೆಸರುಗಳು ಲೀಟರ್ ಮೇಲೆ ಹರಿದದ್ದು ಹೀಗೆ. ಪ್ರತಿ ಹೆಸರನ್ನೂ ಪ್ಯಾರಾಗ್ರಾಫ್ ಒಳಗೆ ಸುತ್ತಿ ಕೋಣೆಗೆ ಕೊಟ್ಟರೆ ಅಗಲ ನೋಡಿ ಮಡಚುತ್ತದೆ.

ಇಲ್ಲಿ ಒಂದು ಹೊಂಡ ಇದೆ. ಉದ್ದದ ಪದ ಮಡಚಲು ‘ವರ್ಡ್‌ವ್ರ್ಯಾಪ್’ ಎಂಬಲ್ಲಿ ಸಿಜೆಕೆ ಎಂದು ಹಾಕು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಚೀನೀ, ಜಪಾನೀ, ಕೊರಿಯನ್ ಬರಹಕ್ಕೆ ಮಾಡಿದ್ದು. ಯಾವ ಎರಡು ಸಂಕೇತಗಳ ನಡುವೆ ಬೇಕಾದರೂ ಮುರಿಯುತ್ತದೆ. ಕನ್ನಡದಲ್ಲಿ ಹಾಗೆ ಮಾಡಿದರೆ ‘ಕ್ಷ’ದ ಕ್ ಒಂದು ಸಾಲಿನಲ್ಲಿ, ಷ ಮುಂದಿನ ಸಾಲಿನಲ್ಲಿ. ಕೊಂಬು ಒಂದೇ ಒಂಟಿಯಾಗಿ ಸಾಲಿನ ಶುರುವಿನಲ್ಲಿ ನಿಂತದ್ದನ್ನೂ ನೋಡಿದ್ದೇನೆ. ದಯವಿಟ್ಟು ಅದನ್ನು ಕನ್ನಡಕ್ಕೆ ಹಾಕಬೇಡಿ. ಪದ ನಿಜವಾಗಿಯೂ ಕೋಣೆಗಿಂತ ಉದ್ದವಿದ್ದರೆ, ಎಲ್ಲಿ ಮುರಿದರೆ ಓದಲು ಸರಿಯೋ ಅಲ್ಲಿ ಕಾಣದ ಶೂನ್ಯ ಅಗಲದ ಖಾಲಿಜಾಗದ ಸಂಕೇತ ಹಾಕಬಹುದು. ವೀಜಿಪ್ರಿಂಟ್, ಕ್ರೋಮ್ ಎರಡೂ ಅದನ್ನು ಗೌರವಿಸುತ್ತವೆ. ಅದಕ್ಕಿಂತ ಒಳ್ಳೆಯದು ಹೆಸರಿನ ಕಾಲಂ ಅಗಲ ಮಾಡುವುದು.

ಅಗಲದ ಲೆಕ್ಕ ಮಾಡೋಣ. ಎ4 ಹಾಳೆ 210 ಮಿ.ಮೀ. ಎರಡೂ ಕಡೆ 15 ಬಿಟ್ಟರೆ 180 ಉಳಿಯುತ್ತದೆ. ಕ್ರಮಸಂಖ್ಯೆಗೆ 10, ಸದಸ್ಯ ಸಂಖ್ಯೆಗೆ 16, ಹೆಸರಿಗೆ 58, ಲೀಟರ್‌ಗೆ 20, ಫ್ಯಾಟ್ ಮತ್ತು ಎಸ್‌ಎನ್‌ಎಫ್‌ಗೆ (ಹಾಲಿನ ಕೊಬ್ಬು ಬಿಟ್ಟು ಉಳಿದ ಘನಾಂಶ) ತಲಾ 14, ಮೊತ್ತಕ್ಕೆ 24, ಸಹಿಗೆ 24. ಸರಿಯಾಗಿ 180 ಆಯಿತು. ರಿಪೋರ್ಟ್‌ಲ್ಯಾಬ್‌ನಲ್ಲಿ ಅಳತೆ ಪಾಯಿಂಟ್‌ನಲ್ಲಿ ಇರುತ್ತದೆ, ಒಂದು ಇಂಚಿಗೆ 72. ನೀವು ಸುಮ್ನೆ 58 ಎಂದು ಬರೆದರೆ ಅದು 58 ಪಾಯಿಂಟ್, ಅಂದರೆ ಸುಮಾರು 20 ಮಿ.ಮೀ. ಮಿಲಿಮೀಟರಿನ ಗುಣಕ ಸೇರಿಸಲು ಮರೆಯಬೇಡಿ. ಕಾಲಂ ಅಗಲವನ್ನು ಅಕ್ಷರ ಎಣಿಸಿ ಅಂದಾಜು ಮಾಡುವ ಅಭ್ಯಾಸವನ್ನೂ ಬಿಡಿ. ‘ರಾಷ್ಟ್ರೀಯ’ಕ್ಕೆ ಒಂಬತ್ತು ಎಂದು ಬರುವ ಎಣಿಕೆಯಿಂದ ಅಗಲ ಸಿಗುವುದಿಲ್ಲ.

ಎತ್ತರವನ್ನು ಇನ್ನೂ ಜಾಸ್ತಿ ಜನ ಮರೆಯುತ್ತಾರೆ. ಕನ್ನಡ ಕೆಳಗೆ ಇಳಿಯುವ ಲಿಪಿ. ‘ಸ್ತ್ರೀ’ ಬರೆದರೆ ಒತ್ತಿನ ಕೆಳಗೆ ಒತ್ತು. ರಿಪೋರ್ಟ್‌ಲ್ಯಾಬ್‌ನಲ್ಲಿ ಅಕ್ಷರದ ಗಾತ್ರ 10, ಸಾಲಿನ ಅಂತರ 12 ಎಂದು ಮೊದಲೇ ಇರುತ್ತದೆ. ನೀವು ಗಾತ್ರವನ್ನು 14 ಮಾಡಿ ಅಂತರವನ್ನು ಹಾಗೇ ಬಿಟ್ಟರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತದೆ. ಕನ್ನಡಕ್ಕೆ ಗಾತ್ರದ ಒಂದೂವರೆಯಿಂದ 1.6 ಪಟ್ಟು ಅಂತರ ಕೊಡಿ. 11ರ ಅಕ್ಷರಕ್ಕೆ 17 ಚೆನ್ನಾಗಿ ಕಾಣುತ್ತದೆ. ಸಾಲಿನ ಎತ್ತರವನ್ನು ಇಷ್ಟೇ ಎಂದು ಕಟ್ಟಿಹಾಕಬೇಡಿ. ಕೋಣೆ ತನಗೆ ಬೇಕಾದಷ್ಟು ಬೆಳೆಯಲಿ.

ಎರಡನೇ ಪುಟದ ತಲೆಬರಹಕ್ಕೆ ರಿಪೋರ್ಟ್‌ಲ್ಯಾಬ್‌ನಲ್ಲಿ ‘ರಿಪೀಟ್‌ರೋಸ್’ ಎಂಬ ಗುಣಕ್ಕೆ 1 ಕೊಟ್ಟರೆ ಸಾಕು. ಎಚ್‌ಟಿಎಂಎಲ್ ದಾರಿಯಲ್ಲಾದರೆ ತಲೆಸಾಲನ್ನು ಟಿ-ಹೆಡ್ ಎಂಬ ಗುರುತಿನ ಒಳಗೆ ಇಡಿ, ತಾನಾಗಿ ಮರುಕಳಿಸುತ್ತದೆ. ಒಬ್ಬ ಸದಸ್ಯರ ಸಾಲು ಎರಡು ಪುಟಕ್ಕೆ ಹಂಚಿಹೋಗದಂತೆ, ಸಾಲಿನ ಒಳಗೆ ಮುರಿಯಬೇಡ ಎಂಬ ಸಿಎಸ್‌ಎಸ್ ನಿಯಮ ಸೇರಿಸಿ. ಸಹಿ ಹಾಕುವ ಪಟ್ಟಿಯಲ್ಲಿ ಇದು ಮುಖ್ಯ. ಹೆಸರು ಒಂದು ಪುಟದಲ್ಲಿ, ಸಹಿ ಇನ್ನೊಂದು ಪುಟದಲ್ಲಿ ಬಂದರೆ ನಾಳೆ ಆಡಿಟ್‌ನವರಿಗೆ ಏನು ಹೇಳುತ್ತೀರಿ?

ಮೊತ್ತಗಳನ್ನು ಬಲಕ್ಕೆ ಒತ್ತಿ, ಎಲ್ಲದಕ್ಕೂ ಎರಡು ದಶಾಂಶ ಕೊಡಿ. ಪೈಥಾನ್‌ನ ಸಾಮಾನ್ಯ ಅಲ್ಪವಿರಾಮ 123,456 ಎಂದು ಹಾಕುತ್ತದೆ. ನಮಗೆ ಬೇಕಾದದ್ದು 1,23,456. ಬೇಬಲ್ ಎಂಬ ಲೈಬ್ರರಿಗೆ ಭಾರತದ ಕ್ರಮ ಎಂದು ಹೇಳಿದರೆ ಲಕ್ಷದ ಜಾಗದಲ್ಲಿ ಸರಿಯಾಗಿ ಹಾಕುತ್ತದೆ.

ನನ್ನ ಕೈಯಲ್ಲಿ ಆದ ತಪ್ಪು

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ಸಹಾಯಧನದ ಪಟ್ಟಿ ಮಾಡಿಕೊಟ್ಟೆ. ಮೊದಲ ಪುಟ ನೋಡಿದೆ, ಚೆನ್ನಾಗಿತ್ತು, ಕಳಿಸಿಬಿಟ್ಟೆ. ಆ ಪುಟದಲ್ಲಿ ರಾಮಪ್ಪ, ಗೌರಮ್ಮನಂಥ ಸುಲಭದ ಹೆಸರುಗಳೇ ಇದ್ದವು. ಮುಂದಿನ ಪುಟಗಳಲ್ಲಿ ಅರ್ಕಾವತ್ತು ಇದ್ದ ಹೆಸರುಗಳೆಲ್ಲ ಕೆಟ್ಟಿದ್ದವು. ಪಾಸ್‌ಬುಕ್ಕಿನ ಹೆಸರಿಗೆ ತಾಳೆಯಾಗಲಿಲ್ಲ ಎಂದು ಕೆಲವರ ಹಣ ತಡವಾಯಿತು. ಅದರಲ್ಲಿ ಒಬ್ಬ ಅಜ್ಜಿ ಎರಡು ಸಲ ಬಸ್ಸು ಹತ್ತಿ ಬಂದಿದ್ದರಂತೆ. ಆ ವಿಷಯ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಅಂದಿನಿಂದ ನಾನು ಒಂದು ಪರೀಕ್ಷೆಯ ಪುಟ ಇಟ್ಟುಕೊಂಡಿದ್ದೇನೆ. ಅದರಲ್ಲಿ ಲಕ್ಷ್ಮಮ್ಮ, ಕೃಷ್ಣಪ್ಪ, ಜ್ಞಾನೇಶ್ವರ, ಸ್ತ್ರೀ, ರಾಷ್ಟ್ರೀಯ, ಕರ್ನಾಟಕ, ಅರ್ಜಿ, ರ‍್ಯಾಂಕ್, ₹1,23,456.50 ಇಷ್ಟೂ ಇವೆ. ‘ರ‍್ಯಾಂಕ್’ ಯಾಕೆಂದರೆ ಅಲ್ಲಿ ರ ಪೂರ್ತಿ ನಿಂತು ಯ ಒತ್ತಾಗಬೇಕು. ಅದಕ್ಕೆ ರ ಆದಮೇಲೆ ಕಾಣದ ಒಂದು ಜೋಡಕ ಸಂಕೇತ ಇರುತ್ತದೆ. ಬರಹವನ್ನು ‘ಶುಚಿ’ ಮಾಡುವ ಕೋಡ್ ಅದನ್ನು ಅಳಿಸಿಬಿಟ್ಟರೆ ಅರ್ಕಾವತ್ತು ಬಂದುಬಿಡುತ್ತದೆ. ಲೈಬ್ರರಿ ಬದಲಾಯಿಸಿದಾಗ, ಫಾಂಟ್ ಬದಲಾಯಿಸಿದಾಗ, ಆವೃತ್ತಿ ಏರಿಸಿದಾಗ ಮೊದಲು ಈ ಪುಟ ತೆಗೆದು ಕಣ್ಣಾರೆ ನೋಡುತ್ತೇನೆ. ಇದರ ಜೊತೆಗೆ ನಿಮ್ಮ ಸಂಘದ ಅತಿ ಉದ್ದದ ಹೆಸರನ್ನೂ, ಅತಿ ದೊಡ್ಡ ಮೊತ್ತವನ್ನೂ ಸೇರಿಸಿಕೊಳ್ಳಿ.

ಕಣ್ಣಿನ ಜೊತೆಗೆ ಒಂದು ಸಾಧನವೂ ಬೇಕು. ಪಾಪ್ಲರ್ ಎಂಬ ಉಚಿತ ಕಟ್ಟಿನಲ್ಲಿ ‘ಪಿಡಿಎಫ್‌ಫಾಂಟ್ಸ್’ ಎಂಬ ಆಜ್ಞೆ ಇದೆ. ಕಡತದಲ್ಲಿ ಯಾವ ಫಾಂಟ್ ಇದೆ, ಅದು ಒಳಗೆ ಅಡಕವಾಗಿದೆಯೇ ಎಂದು ಹೇಳುತ್ತದೆ. ಅಲ್ಲಿ ನೋಟೊ ಜೊತೆ ಹೆಲ್ವೆಟಿಕಾ ಕಂಡರೆ ಎಲ್ಲೋ ಒಂದು ಕಾಲಂ ಬಿಟ್ಟುಹೋಗಿದೆ ಎಂದು ಗೊತ್ತಾಗುತ್ತದೆ. ಪ್ರಿಂಟ್ ಕೊಡುವಾಗ ‘ಪುಟಕ್ಕೆ ಹೊಂದಿಸು’ ಬೇಡ, ‘ನಿಜ ಗಾತ್ರ’ ಆರಿಸಿ. ಇಲ್ಲದಿದ್ದರೆ ನೀವು ಲೆಕ್ಕ ಹಾಕಿದ 180 ಮಿ.ಮೀ. ಪ್ರಿಂಟರಿನಲ್ಲಿ ಕುಗ್ಗುತ್ತದೆ.

ಹೆಸರುಗಳು ಬೇರೆ ಬೇರೆ ಕಡೆಯಿಂದ ಬಂದಿದ್ದರೆ ಇನ್ನೊಂದು ಕೆಲಸ ಮಾಡಿ. ಯೂನಿಕೋಡ್‌ನಲ್ಲಿ ‘ೀ’ ಎಂಬುದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ಬಗೆಯ ರೂಪಕ್ಕೆ ತಂದುಬಿಡಿ. ಇಲ್ಲದಿದ್ದರೆ ಒಬ್ಬರೇ ಸದಸ್ಯರು ಪಟ್ಟಿಯಲ್ಲಿ ಎರಡು ಸಲ ಬರುವುದೂ ಉಂಟು.

ಪಿಡಿಎಫ್‌ನಿಂದ ಹೆಸರು ನಕಲು ಮಾಡಿ ಬೇರೆ ಕಡೆ ಅಂಟಿಸುವ ಯೋಚನೆ ಬೇಡ. ಜೋಡಣೆಯಾದ ಮೇಲೆ ಆಕಾರಗಳ ಕ್ರಮ ಬದಲಾಗಿರುತ್ತದೆ. ಲೈಬ್ರರಿ ಎಷ್ಟೇ ಪ್ರಯತ್ನಿಸಿದರೂ ಅರ್ಕಾವತ್ತಿನ ಪದಗಳು ವಾಪಸ್ ಬರುವಾಗ ಕೆಲವೊಮ್ಮೆ ಕೆಡುತ್ತವೆ. ಬ್ಯಾಂಕಿಗೆ ಹೆಸರಿನ ಪಟ್ಟಿ ಬೇಕಾದರೆ ಮೂಲ ಡೇಟಾದಿಂದಲೇ ಬೇರೆ ಕಡತ ಮಾಡಿಕೊಡಿ.

ಇನ್ನು ಅಧ್ಯಕ್ಷರ ಕೋರಿಕೆ. ಅಂಕಿಗಳು ಕನ್ನಡದಲ್ಲಿ ಬೇಕು ಎಂದದ್ದು ನನಗೆ ಸಂತೋಷ ಕೊಟ್ಟಿತು. ತಾಂತ್ರಿಕವಾಗಿ ಇದು ಅತ್ಯಂತ ಸುಲಭದ ಭಾಗ. ಕನ್ನಡ ಅಂಕಿಗಳಿಗೆ ಜೋಡಣೆಯೇ ಬೇಡ. ಹತ್ತು ಅಂಕಿಗೆ ಹತ್ತು ಬದಲಿ ಹೇಳುವ ಒಂದು ಸಾಲಿನ ಕೋಡ್ ಸಾಕು. ಆದರೆ ಕೂಡುವುದು, ಗುಣಿಸುವುದು, ಅಲ್ಪವಿರಾಮ ಹಾಕುವುದು ಎಲ್ಲ ಮುಗಿದು, ಕೋಣೆಗೆ ಬರೆಯುವ ಕೊನೆಯ ಗಳಿಗೆಯಲ್ಲಿ ಮಾತ್ರ ಬದಲಿಸಿ. ಉಳಿಸಿಡುವ ಕಡತದಲ್ಲಿ 1, 2, 3 ಹಾಗೇ ಇರಲಿ. ಪೈಥಾನ್ ೧೨ ಎಂಬುದನ್ನೂ ಸಂಖ್ಯೆಯಾಗಿ ಓದಿಕೊಳ್ಳುತ್ತದೆ, ಎಕ್ಸೆಲ್ ಓದುವುದಿಲ್ಲ. ಬ್ಯಾಂಕ್ ಖಾತೆ ಸಂಖ್ಯೆಯನ್ನು ಮಾತ್ರ ಪಾಸ್‌ಬುಕ್ಕಿನಲ್ಲಿ ಇದ್ದಂತೆಯೇ ಬಿಡಿ. ಮೊದಲ ಪಟ್ಟಿಯನ್ನು ಒಂದು ಪ್ರತಿ ಪ್ರಿಂಟ್ ಮಾಡಿ, ನಾಲ್ಕಾರು ಹಿರಿಯ ಸದಸ್ಯರ ಕೈಗೆ ಕೊಟ್ಟು ಓದಿಸಿ. ೬ ಮತ್ತು ೯ ಆ ಗಾತ್ರದಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆಯೇ ಎಂದು ಅವರನ್ನೇ ಕೇಳಿ. ಕಾಣದಿದ್ದರೆ ಮೊತ್ತದ ಕಾಲಂನಲ್ಲಿ ಅಕ್ಷರದ ಗಾತ್ರ ಒಂದು ಪಾಯಿಂಟ್ ಹೆಚ್ಚಿಸಿ.